ಜೀವಶಾಸ್ತ್ರದ ತರಗತಿ ಸೀಟಿನ ಮೆಟ್ಟಿಲು ಮಾತ್ರವೇ?

ಎಸೆಸೆಲ್ಸಿ ಫಲಿತಾಂಶ ಪ್ರಕಟವಾದ ವಾರದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಸಮಾಲೋಚನೆ ಬಹುತೇಕ ಒಂದೇ ಬಗೆಯದು. ಅಂಕ ಚೆನ್ನಾಗಿದ್ದರೆ ವಿಜ್ಞಾನ, ವಿಜ್ಞಾನವೆಂದರೆ ಪಿಸಿಎಂಬಿ, ಅದರ ಕೊನೆಯ ಅಕ್ಷರವಾದ ಜೀವಶಾಸ್ತ್ರವೆಂದರೆ ಡಾಕ್ಟರ್. ಹೀಗೆ ಮೂರೇ ಹೆಜ್ಜೆಗಳಲ್ಲಿ ಹದಿನಾರು ವರ್ಷದ ಮಗುವಿನ ದಾರಿ ತೀರ್ಮಾನವಾಗಿಬಿಡುತ್ತದೆ. ಮಗ ಅಥವಾ ಮಗಳು ಪದವಿಪೂರ್ವ ಕಾಲೇಜಿನ ಮೊದಲ ವರ್ಷದ ಜೀವಶಾಸ್ತ್ರ ತರಗತಿಗೆ ಕಾಲಿಡುವ ಮುನ್ನವೇ ಆ ತರಗತಿಯ ಉದ್ದೇಶವನ್ನು ಹಿರಿಯರು ನಿಗದಿಪಡಿಸಿರುತ್ತಾರೆ. ಆ ತರಗತಿಯಲ್ಲಿ ಏನಿದೆ, ಅದು ಮಗುವಿನ ಬುದ್ಧಿಯನ್ನು ಹೇಗೆ ಬೆಳೆಸಬಲ್ಲದು ಎಂಬ ಪ್ರಶ್ನೆ ಮಾತ್ರ ಕೇಳದೆಯೇ ಉಳಿಯುತ್ತದೆ.

ವೈದ್ಯರಾಗಬೇಕೆಂಬ ಆಸೆ ತಪ್ಪಲ್ಲ. ರೋಗಿಯ ಸೇವೆ ದೊಡ್ಡ ಪುಣ್ಯಕಾರ್ಯ, ಸಮುದಾಯಕ್ಕೆ ಒಳ್ಳೆಯ ವೈದ್ಯರು ಬೇಕು. ಆದರೆ ವಾಸ್ತವವನ್ನು ಮರೆಯುವಂತಿಲ್ಲ. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಅಂಕ ಜೀವಶಾಸ್ತ್ರದ್ದು. ಆದ್ದರಿಂದಲೇ ಈ ವಿಷಯ ಇಡೀ ಮನೆಯ ಆತಂಕದ ಕೇಂದ್ರವಾಗಿದೆ. 2025ರಲ್ಲಿ ಆ ಪರೀಕ್ಷೆ ಬರೆದವರು 22 ಲಕ್ಷಕ್ಕೂ ಹೆಚ್ಚು, ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕೆ ತುಸು ಮೇಲಷ್ಟೇ. ಅಂದರೆ ಜೀವಶಾಸ್ತ್ರ ಓದುವ ಮಕ್ಕಳಲ್ಲಿ ಬಹುಪಾಲು ಮಂದಿ ವೈದ್ಯರಾಗುವುದಿಲ್ಲ. ಇದು ಅವರ ಸೋಲಲ್ಲ, ಸರಳವಾದ ಲೆಕ್ಕ. ಹೀಗಿರುವಾಗ ಸೀಟು ಸಿಗದಿದ್ದರೆ ಎರಡು ವರ್ಷಗಳ ಓದೇ ವ್ಯರ್ಥ ಎಂಬ ಭಾವನೆಯನ್ನು ಮಗುವಿನಲ್ಲಿ ಬಿತ್ತುವುದು ನ್ಯಾಯವೇ?

ನಮ್ಮ ಅಭಿಪ್ರಾಯ ಇಷ್ಟೇ: ಮೊದಲ ವರ್ಷದ ಜೀವಶಾಸ್ತ್ರಕ್ಕೆ ತನ್ನದೇ ಆದ ಬೆಲೆಯಿದೆ. ಅದು ಸೃಷ್ಟಿಯನ್ನು ಗಮನವಿಟ್ಟು ನೋಡಲು, ಕಂಡದ್ದನ್ನು ಪ್ರಾಮಾಣಿಕವಾಗಿ ದಾಖಲಿಸಲು, ಕಾರಣವನ್ನು ಹುಡುಕಲು ಕಲಿಸುವ ಶಿಕ್ಷಣ. ಸೀಟು ಸಿಕ್ಕವರಿಗೂ ಸಿಗದವರಿಗೂ ಅದು ಸಮಾನವಾಗಿ ಉಪಯುಕ್ತ. ಜೇನುನೊಣ, ಇರುವೆ ಮತ್ತು ಜೇಡದ ಹೆಸರನ್ನು ಹೊತ್ತ ಅಧ್ಯಾಯಗಳಿರುವ ಗ್ರಂಥವನ್ನು ಪಠಿಸುವ ಸಮುದಾಯಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ತರಗತಿಯಲ್ಲಿ ಏನಿದೆಯೆಂದು ಹೆತ್ತವರು ಒಮ್ಮೆ ಪಠ್ಯಪುಸ್ತಕ ತೆರೆದು ನೋಡಬೇಕು. ಐದು ಘಟಕಗಳಲ್ಲಿ 19 ಅಧ್ಯಾಯಗಳಿವೆ. ಜೀವಿಗಳ ವೈವಿಧ್ಯ ಮತ್ತು ವರ್ಗೀಕರಣದಿಂದ ಆರಂಭವಾಗಿ, ಸಸ್ಯ ಹಾಗೂ ಪ್ರಾಣಿಗಳ ದೇಹರಚನೆ, ಜೀವಕೋಶ, ಸಸ್ಯಗಳ ಜೀವಕ್ರಿಯೆಗಳು, ಕೊನೆಗೆ ಮನುಷ್ಯ ದೇಹದ ಕ್ರಿಯೆಗಳವರೆಗೆ ಅದು ಸಾಗುತ್ತದೆ. ಉಸಿರಾಟ, ರಕ್ತ ಪರಿಚಲನೆ, ಮೂತ್ರಪಿಂಡ, ನರಮಂಡಲ, ಹಾರ್ಮೋನುಗಳು ಎಲ್ಲವೂ ಇದರಲ್ಲಿವೆ. ಹತ್ತನೇ ತರಗತಿಯವರೆಗೆ ವಿಜ್ಞಾನದ ಒಂದು ಭಾಗವಷ್ಟೇ ಆಗಿದ್ದ ಜೀವಶಾಸ್ತ್ರ ಇಲ್ಲಿ ಹಠಾತ್ತನೆ ವಿಶಾಲವಾಗುತ್ತದೆ. ಚೆನ್ನಾಗಿ ಓದುತ್ತಿದ್ದ ಮಕ್ಕಳೂ ಮೊದಲ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದು ಧೃತಿಗೆಡುವುದಕ್ಕೆ ಮುಖ್ಯ ಕಾರಣ ಇದೇ. ಆ ಹೊತ್ತಿನಲ್ಲಿ ಅವರಿಗೆ ಬೇಕಾದುದು ಗದರಿಕೆಯಲ್ಲ, ದಾರಿ.

ಮೊದಲ ಅಡ್ಡಿ ಭಾಷೆಯದು. ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದ ಮಗುವಿಗೆ ಪುಟಕ್ಕೆ ಇಪ್ಪತ್ತು ಹೊಸ ಇಂಗ್ಲಿಷ್ ಪದಗಳು ಎದುರಾಗುತ್ತವೆ. ಅನೇಕರು ಇದನ್ನು ಬುದ್ಧಿಯ ಕೊರತೆಯೆಂದು ತಪ್ಪಾಗಿ ಭಾವಿಸಿ ವಿಷಯವನ್ನೇ ಬಿಟ್ಟುಬಿಡುತ್ತಾರೆ. ಆದರೆ ಮದ್ರಸಾದಲ್ಲಿ ಅರಬಿ ಕಲಿತ ಮಕ್ಕಳ ಬಳಿ ಇದಕ್ಕೊಂದು ಕೀಲಿಕೈ ಈಗಾಗಲೇ ಇದೆ. ಕಾಫ್, ತಾ, ಬಾ ಎಂಬ ಮೂರು ಅಕ್ಷರಗಳ ಒಂದೇ ಮೂಲದಿಂದ ಕಿತಾಬ್, ಕಾತಿಬ್, ಮಕ್ತಬ್ ಹುಟ್ಟುವುದನ್ನು ಅವರು ಬಲ್ಲರು. ಜೀವಶಾಸ್ತ್ರದ ಪದಗಳೂ ಹೀಗೆಯೇ ಗ್ರೀಕ್ ಮತ್ತು ಲ್ಯಾಟಿನ್ ಮೂಲಗಳಿಂದ ಕಟ್ಟಿದವು. 'ಲೈಸಿಸ್' ಎಂದರೆ ಬಿಡಿಸುವುದು, ಒಡೆಯುವುದು ಎಂದು ತಿಳಿದರೆ ಗ್ಲೈಕಾಲಿಸಿಸ್ ಸಕ್ಕರೆಯ ಒಡೆಯುವಿಕೆಯೆಂದೂ ಹೈಡ್ರಾಲಿಸಿಸ್ ನೀರಿನ ಮೂಲಕ ಒಡೆಯುವಿಕೆಯೆಂದೂ ತಾನೇ ಹೊಳೆಯುತ್ತದೆ. 'ಫೋಟೋ' ಎಂದರೆ ಬೆಳಕು, 'ಸಿಂಥೆಸಿಸ್' ಎಂದರೆ ಕೂಡಿಸುವುದು. ನಮ್ಮ ಕನ್ನಡದ ದ್ಯುತಿಸಂಶ್ಲೇಷಣೆ ಎಂಬ ಪದವೂ ಅದೇ ಅರ್ಥವನ್ನು ಹೊತ್ತಿದೆ. ಒಂದು ನೋಟುಪುಸ್ತಕದಲ್ಲಿ ಇಂಗ್ಲಿಷ್ ಪದ, ಅದರ ಮೂಲ, ಕನ್ನಡದ ಅರ್ಥ ಎಂದು ಮೂರು ಅಂಕಣ ಮಾಡಿ ದಿನಕ್ಕೆ ಹತ್ತು ಪದ ಬರೆದರೆ ಕೆಲವೇ ತಿಂಗಳಲ್ಲಿ ಭಯ ಕರಗುತ್ತದೆ.

ಎರಡನೆಯ ಅಡ್ಡಿ ಕಂಠಪಾಠದ ಕುರಿತಾದ ತಪ್ಪು ತಿಳಿವಳಿಕೆ. ಜೀವಶಾಸ್ತ್ರವೆಂದರೆ ಬಾಯಿಪಾಠವೆಂಬ ಮಾತು ಪ್ರಚಾರದಲ್ಲಿದೆ. ನೆನಪು ಬೇಕು ನಿಜ. ಆದರೆ ಹಿಫ್ಝ್ ತರಗತಿಯ ಅನುಭವವುಳ್ಳವರಿಗೆ ನೆನಪಿನ ನಿಯಮ ಗೊತ್ತು: ಒಂದೇ ರಾತ್ರಿಯಲ್ಲಿ ಯಾರೂ ಹಾಫಿಝ್ ಆಗುವುದಿಲ್ಲ, ಪುನರಾವರ್ತನೆ ನಿಂತರೆ ಕಲಿತದ್ದೂ ಜಾರಿಹೋಗುತ್ತದೆ. ಇಂದಿನ ಪಾಠವನ್ನು ಇಂದೇ ಪುಸ್ತಕ ಮುಚ್ಚಿ ಹೇಳಿಕೊಳ್ಳುವುದು, ನಿನ್ನೆಯದನ್ನೂ ಕಳೆದ ವಾರದ್ದನ್ನೂ ಮತ್ತೆ ಪರೀಕ್ಷಿಸಿಕೊಳ್ಳುವುದು, ಇದೇ ಕ್ರಮ ಇಲ್ಲಿಯೂ ಸಲ್ಲುತ್ತದೆ. ಅದರ ಜೊತೆಗೆ ಇನ್ನೊಂದು ಬೇಕು, ಅದು 'ಏಕೆ' ಎಂಬ ಪ್ರಶ್ನೆ. ಮೂತ್ರಪಿಂಡದ ಚಿತ್ರ ಬಿಡಿಸಿ ಭಾಗಗಳನ್ನು ಹೆಸರಿಸಿದರೆ ಸಾಲದು. ರಮಝಾನಿನ ಉಪವಾಸದ ಮಧ್ಯಾಹ್ನ ನಮ್ಮ ಮೂತ್ರ ಕಡಿಮೆಯಾಗಿ ಗಾಢವಾಗುವುದೇಕೆ ಎಂದು ಆ ಚಿತ್ರದ ಸಹಾಯದಿಂದ ವಿವರಿಸಬಲ್ಲ ಮಗು ಮಾತ್ರ ಪಾಠವನ್ನು ನಿಜವಾಗಿ ಕಲಿತಿದೆ.

ಮೂರನೆಯದು ಪ್ರಯೋಗಾಲಯ. ತಜ್‌ವೀದನ್ನು ಪುಸ್ತಕದಿಂದಷ್ಟೇ ಕಲಿಯಲಾಗದು, ಉಸ್ತಾದರ ಮುಂದೆ ಕುಳಿತು ಓದಬೇಕು. ಜೀವಶಾಸ್ತ್ರವೂ ಹಾಗೆ. ಈರುಳ್ಳಿಯ ತೆಳು ಪೊರೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಇಟ್ಟಿಗೆಯ ಗೋಡೆಯಂತೆ ಸಾಲಾಗಿ ನಿಂತ ಕೋಶಗಳು ಕಾಣುತ್ತವೆ. ಆಲೂಗಡ್ಡೆಯನ್ನು ಕೊರೆದು ಒಳಗೆ ಸಕ್ಕರೆ ದ್ರಾವಣ ತುಂಬಿಸಿ ನೀರಿನಲ್ಲಿಟ್ಟರೆ ಒಳಗಿನ ಮಟ್ಟ ನಿಧಾನವಾಗಿ ಏರುತ್ತದೆ. ಎಲೆಯ ಸಿಪ್ಪೆಯನ್ನು ಗಟ್ಟಿ ಉಪ್ಪುನೀರಿಗೆ ಹಾಕಿದರೆ ಕೋಶದೊಳಗಿನ ದ್ರವ್ಯ ನೀರು ಕಳೆದುಕೊಂಡು ಕುಗ್ಗುತ್ತದೆ. ಉಪ್ಪಿನಕಾಯಿ ಮತ್ತು ಒಣಮೀನು ಬೇಗ ಕೆಡದಿರುವುದಕ್ಕೂ ಇದೇ ಕಾರಣ, ಉಪ್ಪು ಸೂಕ್ಷ್ಮಜೀವಿಗಳ ನೀರನ್ನು ಹೀರುತ್ತದೆ. ಈರುಳ್ಳಿ ಬೇರಿನ ತುದಿಯ ಸ್ಲೈಡಿನಲ್ಲಿ ಇನ್ನೊಂದು ಪಾಠವಿದೆ. ಕೋಶ ವಿಭಜನೆಯ ಹಂತಗಳನ್ನು ಪುಸ್ತಕ ಅಚ್ಚುಕಟ್ಟಾಗಿ ಸಾಲಾಗಿ ತೋರಿಸುತ್ತದೆ, ಸ್ಲೈಡಿನಲ್ಲಾದರೋ ಹೆಚ್ಚಿನ ಕೋಶಗಳು ವಿಭಜಿಸುತ್ತಿರುವುದೇ ಇಲ್ಲ. ತಾಳ್ಮೆಯಿಂದ ಹುಡುಕಬೇಕು, ಕಾಣದ್ದನ್ನು ಕಂಡೆನೆಂದು ಬರೆಯಬಾರದು. ಪಕ್ಕದವರ ರೆಕಾರ್ಡ್ ಪುಸ್ತಕದಿಂದ ಚಿತ್ರ ನಕಲು ಮಾಡುವ ಮಗು ಕಳೆದುಕೊಳ್ಳುವುದು ಈ ಅಮಾನತ್ತನ್ನು. ಕೋಚಿಂಗ್ ಹೆಸರಿನಲ್ಲಿ ಪ್ರಯೋಗಾಲಯದ ಗಂಟೆಗಳನ್ನು ಉಳಿಸಿಕೊಡುವುದಾಗಿ ಯಾರಾದರೂ ಹೇಳಿದರೆ ಹೆತ್ತವರು ಎಚ್ಚರ ವಹಿಸಬೇಕು.

ನಮ್ಮ ಸಭೆಗಳಲ್ಲಿ ಮುಸ್ಲಿಂ ವಿಜ್ಞಾನಿಗಳ ಹೆಸರುಗಳನ್ನು ಹೆಮ್ಮೆಯಿಂದ ಪಟ್ಟಿ ಮಾಡಲಾಗುತ್ತದೆ. ಆ ಹೆಸರುಗಳಿಂದ ಮಗು ಕಲಿಯಬೇಕಾದುದು ಹೆಮ್ಮೆಯನ್ನಲ್ಲ, ವಿಧಾನವನ್ನು. 13ನೇ ಶತಮಾನದಲ್ಲಿ ಕೈರೋದಲ್ಲಿದ್ದ ಇಬ್ನುನ್ನಫೀಸ್ ವೈದ್ಯರೂ ಹೌದು, ಶಾಫಿಈ ಫಿಕ್ಹ್‌ನ ವಿದ್ವಾಂಸರೂ ಹೌದು. ಹೃದಯದ ಬಲ ಹೃತ್ಕುಕ್ಷಿಯಿಂದ ಎಡಕ್ಕೆ ರಕ್ತವು ನಡುಗೋಡೆಯ ಅಗೋಚರ ರಂಧ್ರಗಳ ಮೂಲಕ ಹರಿಯುತ್ತದೆ ಎಂದು ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಶತಮಾನಗಳ ಕಾಲ ಎಲ್ಲರೂ ಒಪ್ಪಿದ್ದರು. ಇಬ್ನು ಸೀನಾರ ವೈದ್ಯಗ್ರಂಥದ ಶರೀರರಚನೆಯ ಭಾಗಕ್ಕೆ 1242ರಲ್ಲಿ ಬರೆದ ವ್ಯಾಖ್ಯಾನದಲ್ಲಿ ಇಬ್ನುನ್ನಫೀಸ್ ಅದನ್ನು ನಿರಾಕರಿಸಿದರು. ಆ ಗೋಡೆಯಲ್ಲಿ ರಂಧ್ರಗಳಿಲ್ಲ, ರಕ್ತ ಶ್ವಾಸಕೋಶಗಳ ಮೂಲಕವೇ ಎಡಭಾಗವನ್ನು ತಲುಪುತ್ತದೆ ಎಂದರು. ನಮ್ಮ ಮಕ್ಕಳು ಮೊದಲ ವರ್ಷದಲ್ಲಿ ಓದುವ ರಕ್ತ ಪರಿಚಲನೆಯ ಪಾಠದಲ್ಲಿ ಇರುವುದು ಇದೇ ದಾರಿ. ಗುರುಗಳ ಮೇಲಿನ ಗೌರವ ಅವರನ್ನು ಪ್ರಶ್ನಿಸದಂತೆ ತಡೆಯಲಿಲ್ಲ, ದೀನೀ ಜ್ಞಾನ ಅವರ ವಿಜ್ಞಾನಕ್ಕೆ ಅಡ್ಡಿಯಾಗಲಿಲ್ಲ.

ಇನ್ನು ಅನೇಕ ಹೆತ್ತವರು ಮೆಲುದನಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ: ವಿಕಾಸವಾದ ಓದಿದರೆ ಮಗುವಿನ ಈಮಾನ್ ಏನಾದೀತು? ಆ ಅಧ್ಯಾಯ ಬರುವುದು ಎರಡನೇ ವರ್ಷದಲ್ಲಿ. ಆದರೂ ಜೀವಿಗಳನ್ನು ಸಾಮ್ಯ ಮತ್ತು ಸಂಬಂಧಗಳ ಆಧಾರದಲ್ಲಿ ವರ್ಗೀಕರಿಸುವ ಮೊದಲ ವರ್ಷದ ಪಾಠದಲ್ಲೇ ಅದರ ಬೇರುಗಳಿವೆ. ಆಧುನಿಕ ಜೀವಶಾಸ್ತ್ರ ನಿಂತಿರುವುದು ಈ ಸಿದ್ಧಾಂತದ ಮೇಲೆ. ಔಷಧಿಗಳಿಗೆ ಬಗ್ಗದ ಕ್ಷಯದ ಬ್ಯಾಕ್ಟೀರಿಯಾ ಹೇಗೆ ಹುಟ್ಟುತ್ತದೆಂಬುದನ್ನು ಅದಿಲ್ಲದೆ ಅರಿಯಲಾಗದು. ಆದ್ದರಿಂದ ಪುಟ ಹಾರಿಸುವುದು ಪರಿಹಾರವಲ್ಲ. ವಿಜ್ಞಾನ ಏನು ಹೇಳುತ್ತದೆ, ಯಾವ ಪುರಾವೆಯ ಮೇಲೆ ಹೇಳುತ್ತದೆ ಎಂಬುದನ್ನು ಮಗು ಪೂರ್ಣವಾಗಿ ಕಲಿಯಲಿ. ಇದನ್ನು ವಿಶ್ವಾಸದೊಂದಿಗೆ ಹೇಗೆ ಹೊಂದಿಸಿಕೊಳ್ಳಬೇಕೆಂಬ ವಿಷಯದಲ್ಲಿ ಮುಸ್ಲಿಂ ಚಿಂತಕರಲ್ಲೇ ಒಂದಕ್ಕಿಂತ ಹೆಚ್ಚು ನಿಲುವುಗಳಿವೆ. ಸೃಷ್ಟಿಕರ್ತನು ಅನುಸರಿಸಿದ ಕ್ರಮವೇ ಅದೆಂದು ಕಾಣುವವರಿದ್ದಾರೆ, ಆದಮ್(ಅ)ರ ಸೃಷ್ಟಿಯನ್ನು ಪ್ರತ್ಯೇಕವಾಗಿ ಕಾಣುವವರಿದ್ದಾರೆ, ಒಪ್ಪದವರೂ ಇದ್ದಾರೆ. ಮಗು ಪ್ರಶ್ನೆ ಕೇಳಿದಾಗ ಬಾಯಿ ಮುಚ್ಚಿಸಿದರೆ ಅದು ಉತ್ತರವನ್ನು ಮೊಬೈಲಿನಲ್ಲಿ ಒಂಟಿಯಾಗಿ ಹುಡುಕುತ್ತದೆ. ಪ್ರಶ್ನೆಗೆ ಮನೆಯಲ್ಲಿ ಜಾಗವಿರಲಿ, ಎರಡೂ ಬದಿಯನ್ನು ಬಲ್ಲ ಆಲಿಮರ ಬಳಿಗೆ ಕರೆದೊಯ್ಯುವ ವ್ಯವಧಾನ ತಂದೆಗಿರಲಿ. ಪ್ರಶ್ನೆಯೊಂದರಿಂದ ಕುಸಿಯುವಷ್ಟು ದುರ್ಬಲವಾದುದಲ್ಲ ನಮ್ಮ ವಿಶ್ವಾಸ.

ಕೊನೆಯದಾಗಿ, ನೀಟ್ ಫಲಿತಾಂಶದ ಮರುದಿನದ ಮಾತು. ಪಿಸಿಎಂಬಿ ಓದಿದ ಮಗುವಿನ ಮುಂದೆ ಕೃಷಿ, ಶುಶ್ರೂಷೆ, ಸೂಕ್ಷ್ಮಜೀವಶಾಸ್ತ್ರದ ಪದವಿಗಳಿವೆ. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ತಲೆಮಾರುಗಳಿಂದ ಮೀನು, ಅಡಿಕೆ, ಕುರಿ ಸಾಕಣೆಯನ್ನು ನಂಬಿ ಬಾಳಿದ ನಮ್ಮ ಕುಟುಂಬಗಳಿಗೆ ಇವು ಅಪರಿಚಿತ ಲೋಕಗಳೇನಲ್ಲ. ಶುದ್ಧ ಸಂಶೋಧನೆಯ ದಾರಿಯೂ ಇದೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರೊ. ಉಬೈದ್ ಸಿದ್ದೀಕಿ ಹಣ್ಣಿನ ನೊಣ ವಾಸನೆ ಮತ್ತು ರುಚಿಯನ್ನು ಹೇಗೆ ಗ್ರಹಿಸುತ್ತದೆಂಬುದನ್ನು ಅಧ್ಯಯನ ಮಾಡಿದವರು. ಅವರು 1962ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣ್ವಿಕ ಜೀವಶಾಸ್ತ್ರದ ಘಟಕ ಕಟ್ಟಿದರು, ಬಳಿಕ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸ್ಥಾಪಕ ನಿರ್ದೇಶಕರಾದರು. 2006ರಲ್ಲಿ ಪದ್ಮವಿಭೂಷಣ ಪಡೆದ ಅವರು ಡಾಕ್ಟರರಾದದ್ದು ಆಸ್ಪತ್ರೆಯಲ್ಲಲ್ಲ, ಪ್ರಯೋಗಾಲಯದಲ್ಲಿ.

ಆದ್ದರಿಂದ ಸಂಜೆ ಕಾಲೇಜಿನಿಂದ ಮರಳಿದ ಮಗುವಿನೊಡನೆ ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ಇಂದು ಏನನ್ನು ನೋಡಿದೆ ಎಂದು ಕೇಳೋಣ. ಅದು ವಿವರಿಸುವಾಗ ಅರ್ಥವಾಗದಿದ್ದರೂ ಕಿವಿಗೊಡೋಣ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನಷ್ಟು ಅಗತ್ಯ, ಸೀಟು ಸಿಗದ ವರ್ಷವೇ ಅವರ ಓದಿನ ಕೊನೆಯ ವರ್ಷವಾಗದಿರಲಿ. ಜಮಾಅತ್‌ಗಳು ವೈದ್ಯಕೀಯ ಸೀಟು ಗಳಿಸಿದವರನ್ನು ಸನ್ಮಾನಿಸುವ ವೇದಿಕೆಗೆ ಬಿಎಸ್ಸಿ ಸೇರಿದ ಒಬ್ಬ ವಿದ್ಯಾರ್ಥಿನಿಯನ್ನೂ ಕರೆಯಲಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ, ಕಂಡದ್ದನ್ನು ಕಂಡಂತೆ ಹೇಳುವ ಪ್ರಾಮಾಣಿಕತೆಯನ್ನೂ ದಯಪಾಲಿಸಲಿ. ಆಮೀನ್.