ಆರಂಭಶೂರತ್ವವೂ ಸ್ಥಿರಪ್ರಯತ್ನವೂ

ನಮ್ಮ ತರುಣರಲ್ಲಿ ಉತ್ಸಾಹವೇ ಇಲ್ಲವೆಂದು ಹಿರಿಯರಲ್ಲನೇಕರು ಆಕ್ಷೇಪಿಸುತ್ತಾರೆ. ಈ ಆಕ್ಷೇಪವನ್ನು ನಾವು ಸುತರಾಂ ಒಪ್ಪುವುದಿಲ್ಲ. ಯುಗಾದಿಯ ದಿನ ಚಳ್ಳಕೆರೆಯ ಯಾವ ಬೀದಿಯಲ್ಲಿ ವಿಚಾರಿಸಿದರೂ ಸಂಕಲ್ಪಗಳಿಗೆ ಬರವಿರುವುದಿಲ್ಲ. ಒಬ್ಬನು ಸರಕಾರಿ ಕೆಲಸದ ಪರೀಕ್ಷೆಗೆ ಕೂಡುವೆನೆನ್ನುತ್ತಾನೆ; ಇನ್ನೊಬ್ಬನು ಅಂಗಡಿಯ ಸಾಲವನ್ನು ವರ್ಷದೊಳಗೆ ತೀರಿಸುವೆನೆನ್ನುತ್ತಾನೆ; ಮತ್ತೊಬ್ಬಳು ಅರ್ಧಕ್ಕೆ ಬಿಟ್ಟ ಓದನ್ನು ಪುನಃ ಹಿಡಿಯುವೆನೆನ್ನುತ್ತಾಳೆ. ಇವರೆಲ್ಲರ ಮಾತೂ ಪ್ರಾಮಾಣಿಕವಾದುದೇ. ಆದರೆ ಕಾರಹುಣ್ಣಿಮೆಯ ಹೊತ್ತಿಗೆ ಇವರ ಪುಸ್ತಕಗಳನ್ನು ತೆರೆದು ನೋಡಿದರೆ, ಮೊದಲಿನ ಹತ್ತು ಹಾಳೆಗಳಲ್ಲಿ ಮುತ್ತಿನಂತಹ ಅಕ್ಷರಗಳೂ ಮುಂದಿನ ಹಾಳೆಗಳಲ್ಲಿ ಬರಿಯ ಬಿಳುಪೂ ಕಾಣುವುದು. ನಮಗಿರುವ ಕೊರತೆ ಉತ್ಸಾಹದ್ದಲ್ಲ. ಉತ್ಸಾಹವು ಇಳಿದ ಮರುದಿನವೂ ಕೆಲಸಕ್ಕೆ ಕುಳ್ಳಿರುವ ಅಭ್ಯಾಸದ್ದು. ಇದನ್ನೇ ನಮ್ಮ ಪೂರ್ವಿಕರು ಆರಂಭಶೂರತ್ವವೆಂದು ಕರೆದರು.

ಈ ವ್ಯಾಧಿಗೆ ಔಷಧವನ್ನು ಮಾರುವವರೂ ಈಗ ಹೆಚ್ಚಿದ್ದಾರೆ. ಸಭಾಭವನಗಳಲ್ಲಿಯೂ ಕೈಯೊಳಗಿನ ಫೋನುಗಳಲ್ಲಿಯೂ ಬೆಳಗಿನಿಂದ ಇರುಳಿನವರೆಗೆ ಸ್ಫೂರ್ತಿಯ ಉಪನ್ಯಾಸಗಳು ನಡೆಯುತ್ತಿರುವುವು. ಕೇಳುವಷ್ಟು ಹೊತ್ತು ಮೈ ಜುಮ್ಮೆನ್ನುವುದು ನಿಜ. ಆದರೆ ಎದ್ದಷ್ಟೇ ಬೇಗ ಆರಿಹೋಗುವುದು ಹುಲ್ಲುಬೆಂಕಿಯ ಸ್ವಭಾವ. ಅದರ ಮೇಲೆ ಅನ್ನ ಬೇಯದು. ಇಂತಹ ಉಪನ್ಯಾಸಗಳಿಗೆ ಹಣ ತೆರುವುದಕ್ಕೆ ಮೊದಲು, ನಮ್ಮ ಸೀಮೆಯ ಬಂಡೆಗಳು ಇಪ್ಪತ್ತೆರಡು ಶತಮಾನಗಳಿಗೂ ಮೇಲ್ಪಟ್ಟು ಬಿಟ್ಟಿಯಾಗಿ ಹೇಳುತ್ತ ಬಂದಿರುವ ಮಾತನ್ನು ವಾಚಕ ಮಹಾಶಯರು ಒಮ್ಮೆ ಕೇಳಬೇಕೆಂದು ಬಿನ್ನವಿಸುತ್ತೇವೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ, ಒಂದಕ್ಕೊಂದು ಕೆಲವೇ ಮೈಲಿಗಳ ದೂರದಲ್ಲಿ, ಅಶೋಕ ಚಕ್ರವರ್ತಿಯ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವುಗಳನ್ನು ಪತ್ತೆಹಚ್ಚಿ ವಿದ್ವತ್ಪ್ರಪಂಚಕ್ಕೆ ತಿಳಿಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿ ಉತ್ಖನನವನ್ನು ನಡೆಸಿದರು. ಇಷ್ಟನ್ನು ನಮ್ಮ ಶಾಲೆಯ ಮಕ್ಕಳೂ ಒಪ್ಪಿಸಬಲ್ಲರು. ಆದರೆ ಶಾಸನದಲ್ಲಿ ಏನಿದೆಯೆಂದು ಕೇಳಿದರೆ, ಪದವೀಧರರಲ್ಲಿಯೂ ಬಹುಮಂದಿ ಧರ್ಮೋಪದೇಶವೆಂದು ಹೇಳಿ ಸುಮ್ಮನಾಗುವರು.

ಪ್ರಾಕೃತ ಭಾಷೆಯ ಆ ಶಾಸನದ ತಾತ್ಪರ್ಯವಿಷ್ಟು. ದೇವಾನಾಂಪ್ರಿಯನೆಂಬ ಬಿರುದಿನ ದೊರೆಯು, ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೆ ಮೇಲಾಯಿತೆಂದು ತಿಳಿಸಿ, ಅದರಲ್ಲಿ ಒಂದು ವರ್ಷ ತಾನು ಹೇಳಿಕೊಳ್ಳುವಂತಹ ಪ್ರಯತ್ನವನ್ನೇ ಮಾಡಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಸಂಘದ ಸಮೀಪಕ್ಕೆ ಹೋದಮೇಲೆ, ಒಂದು ವರ್ಷಕ್ಕೂ ಮಿಕ್ಕಿ ತಾನು ಬಲವಾಗಿ ಶ್ರಮಿಸಿದ್ದಾಗಿ ಹೇಳುತ್ತಾನೆ. ಇಂತಹ ಶ್ರಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಅಲ್ಪನಾದವನೂ ಅದನ್ನು ಪಡೆಯಬಲ್ಲನು. ಆದುದರಿಂದ ಇಬ್ಬರೂ ಶ್ರಮಿಸಬೇಕು, ಆ ಶ್ರಮವು ಬಹುಕಾಲ ನಿಲ್ಲಬೇಕು, ಆಗ ಅದು ಒಂದೂವರೆಯಷ್ಟಾಗಿ ವೃದ್ಧಿಯಾಗುವುದು ಎಂಬುದು ಅವನ ಆಶಯ.

ಈ ಒಪ್ಪಿಗೆಯ ಬೆಲೆಯನ್ನು ನಾವು ತಿಳಿಯಬೇಕು. ಗೆದ್ದ ವರ್ಷವನ್ನು ಕಲ್ಲಿನಲ್ಲಿ ಕೆತ್ತಿಸಿದ ಅರಸರು ಎಷ್ಟೋ ಮಂದಿ. ಕೈಚೆಲ್ಲಿ ಕುಳಿತ ವರ್ಷವನ್ನು ಕೆತ್ತಿಸಿದವರು ಅಪರೂಪ. ಕಳಿಂಗವನ್ನು ಜಯಿಸಿದ ಸಾರ್ವಭೌಮನಿಗೂ ತನ್ನನ್ನು ತಾನು ತಿದ್ದಿಕೊಳ್ಳುವ ಕೆಲಸದಲ್ಲಿ ಒಂದು ವರ್ಷ ವ್ಯರ್ಥವಾಯಿತು. ಅವನು ಅದನ್ನು ಮರೆಮಾಚಲಿಲ್ಲ. ಅದನ್ನೇ ನೆಪಮಾಡಿಕೊಂಡು ಹಿಡಿದ ಮಾರ್ಗವನ್ನು ಬಿಡಲೂ ಇಲ್ಲ. ನಮ್ಮ ತರುಣರು ಎಡವುವುದು ಇಲ್ಲಿಯೇ. ಒಮ್ಮೆ ಅನುತ್ತೀರ್ಣನಾದವನು ನೆಂಟರ ಮನೆಯ ಮದುವೆಗೆ ಹೋಗುವುದನ್ನೇ ನಿಲ್ಲಿಸುತ್ತಾನೆ. ಹತ್ತು ದಿನ ಓದು ತಪ್ಪಿದವನು ಹನ್ನೊಂದನೆಯ ದಿನ ಪುಸ್ತಕವನ್ನು ಮುಟ್ಟಲು ಹೆದರುತ್ತಾನೆ. ಕಳೆದುಹೋದ ಕಾಲಕ್ಕಿಂತ, ಕಳೆದುಹೋಯಿತೆಂಬ ನಾಚಿಕೆಯೇ ಹೆಚ್ಚು ಬಾಳುಗಳನ್ನು ಕೆಡಿಸುತ್ತಿದೆ.

ಶಾಸನದಲ್ಲಿ ಪ್ರಯತ್ನಕ್ಕೆ ಬಳಸಿರುವ ಮಾತು ‘ಪಕಮ’. ಅದು ಸಂಸ್ಕೃತದ ‘ಪ್ರಕ್ರಮ’ದ ಪ್ರಾಕೃತ ರೂಪ, ಮುಂದಕ್ಕೆ ಹೆಜ್ಜೆಯಿಡುವುದೆಂಬುದು ಅದರ ಮೂಲಾರ್ಥ. ಹಾರುವುದಲ್ಲ, ಹೆಜ್ಜೆಯಿಡುವುದು. ಈ ಅರ್ಥವನ್ನು ನಮ್ಮ ಸೀಮೆಯ ಜನ ಪುಸ್ತಕದಿಂದ ಕಲಿಯಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನೊಡನೆ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಇಂದಿಗೂ ಜನರ ನಾಲಗೆಯ ಮೇಲಿದೆ. ಆ ಮಹಾನುಭಾವರು ಸುತ್ತಣ ಜನರಿಂದ ಕೆರೆಗಳನ್ನು ಕಟ್ಟಿಸಿದರೆಂಬುದು ಐತಿಹ್ಯ. ಕೆರೆಯ ಏರಿಯು ಭಾಷಣದಿಂದ ಏಳುವುದಿಲ್ಲ. ಒಂದೊಂದೇ ಮಂಕರಿ ಮಣ್ಣಿನಿಂದ ಏಳುವುದು. ಇಂದು ಹೊತ್ತ ಮಂಕರಿಗೆ ಇಂದಿನ ಭಿಕ್ಷೆ; ನಾಳಿನದು ನಾಳೆಗೆ. ಮೊಳಕಾಲ್ಮೂರಿನ ರೇಷ್ಮೆಸೀರೆಯನ್ನು ನೇಯುವವನೂ ಹೀಗೆಯೇ. ಎಳೆ ಕಡಿದರೆ ಅವನು ಮಗ್ಗವನ್ನು ಬಿಟ್ಟೇಳುವುದಿಲ್ಲ. ಕಡಿದ ಎಳೆಯನ್ನು ಹುಡುಕಿ, ಕೂಡಿಸಿ, ಮತ್ತೆ ಲಾಳಿಯನ್ನು ಹಾಯಿಸುತ್ತಾನೆ. ದಿನಪತ್ರಿಕೆಯನ್ನು ನಡೆಸುವ ನಮಗೂ ಲೇಖನಿಯನ್ನೆತ್ತಲು ಮನಸ್ಸಿಲ್ಲದ ರಾತ್ರಿಗಳು ಬಂದಿವೆ. ಆದರೆ ಅಚ್ಚಿನ ಯಂತ್ರವು ಸಂಪಾದಕನ ಮನಸ್ಸು ಹೇಗಿದೆಯೆಂದು ಕೇಳುವುದಿಲ್ಲ. ಬರೆಯತೊಡಗಿದ ಮೇಲೆ ಮನಸ್ಸೇ ಹಿಂದಿನಿಂದ ಬಂದು ಸೇರಿಕೊಳ್ಳುವುದು.

ಎರಡನೆಯ ಪಾಠ ಸಹವಾಸದ್ದು. ಅಶೋಕನ ಶ್ರಮವು ಬಲಗೊಂಡುದು ಸಂಘವನ್ನು ಸಮೀಪಿಸಿದ ಮೇಲೆ. ತಂದೆತಾಯಿಗಳನ್ನು ಸೇವಿಸಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ವಿಧಿಗಳೂ ಬ್ರಹ್ಮಗಿರಿಯ ಶಾಸನದಲ್ಲಿವೆ. ಗುರುವಿನ ಸನ್ನಿಧಿಯು ಏನನ್ನು ಮಾಡಬಲ್ಲುದೆಂಬುದಕ್ಕೆ ಚಳ್ಳಕೆರೆ ತಾಲ್ಲೂಕಿನ ತಳುಕೇ ಸಾಕ್ಷಿಯನ್ನು ಕೊಟ್ಟಿದೆ. ಆ ಗ್ರಾಮದ ಮನೆತನದಲ್ಲಿ 1885ರಲ್ಲಿ ಹುಟ್ಟಿದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದವರು. ತಾವು ಬರೆದುದಕ್ಕಿಂತ ಹೆಚ್ಚಾಗಿ ಶಿಷ್ಯರಿಂದ ಬರೆಯಿಸಿದವರೆಂದೇ ಅವರ ಖ್ಯಾತಿ. 1939ರಲ್ಲಿ ಅವರು ಗತಿಸಿದಾಗ ಅವರ ಶಿಷ್ಯ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಇನ್ನೂ ಮುಗಿದಿರಲಿಲ್ಲ. ಗುರುವು ಹೋದರೂ ಕಾವ್ಯವು ನಿಲ್ಲಲಿಲ್ಲ. ವರ್ಷಗಟ್ಟಲೆ ಬೆಳೆದು, ಪೂರ್ಣಗೊಂಡು, ಆ ಗುರುವಿಗೇ ಅರ್ಪಿತವಾಯಿತು. ಅದಕ್ಕೆ 1967ರ ಜ್ಞಾನಪೀಠ ಪ್ರಶಸ್ತಿಯೂ ಸಂದಿತು. ಸ್ಫೂರ್ತಿಯೆಂಬುದು ಕೊಂಡುತರುವ ಸರಕಲ್ಲ. ನಮ್ಮ ಕೆಲಸವು ಎಲ್ಲಿಯವರೆಗೆ ಬಂದಿತೆಂದು ಅಕ್ಕರೆಯಿಂದ ಕೇಳುವವರೊಬ್ಬರು ಇದ್ದರೆ ಅದು ತಾನಾಗಿ ಹುಟ್ಟುವುದು.

ಮೂರನೆಯದು, ಗುರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಎತ್ತರಿಸುವ ಕ್ರಮ. ಚಳ್ಳಕೆರೆಯ ಬಳಿ, ಹಿಂದೆ ಅಮೃತಮಹಲ್ ಕಾವಲಾಗಿದ್ದ ಬಯಲಿನಲ್ಲಿ, ಈಗ ವಿಮಾನಗಳ ಪರೀಕ್ಷಾಕ್ಷೇತ್ರವಿದೆ. ಕಾವಲನ್ನು ಕಳೆದುಕೊಂಡ ದನಗಾಹಿಗಳ ಅಳಲು ಬೇರೆಯೇ ವಿಚಾರ. ಅದನ್ನು ನಾವು ಮರೆತಿಲ್ಲ. ಅಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯವರು ರೆಕ್ಕೆಯುಳ್ಳ ಒಂದು ನೌಕೆಯನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟರು. ಅದು ಚಾಲಕನಿಲ್ಲದೆ ತಾನಾಗಿಯೇ ಓಡುದಾರಿಗೆ ಇಳಿಯಿತು. ಗೆದ್ದೆವೆಂದು ಅವರು ಅಲ್ಲಿಗೆ ನಿಲ್ಲಿಸಲಿಲ್ಲ. 2024ರ ಮಾರ್ಚ್ 22ರಂದು ಅದನ್ನು ಓಡುದಾರಿಯ ನೇರದಿಂದ 150 ಮೀಟರು ಪಕ್ಕಕ್ಕೆ ಬಿಟ್ಟು ನೋಡಿದರು. ಅದೇ ವರ್ಷದ ಜೂನ್ 23ರಂದು 500 ಮೀಟರು ಪಕ್ಕಕ್ಕೆ, ಇನ್ನೂ ಬಿರುಸಾದ ಗಾಳಿಯಲ್ಲಿ ಬಿಟ್ಟರು. ಎರಡು ಸಾರಿಯೂ ನೌಕೆಯು ತನ್ನ ದಾರಿಯನ್ನು ತಿದ್ದಿಕೊಂಡು ಇಳಿಯಿತು. ಸುಲಭದಲ್ಲಿ ಸಾಧಿಸಿ, ಅನಂತರ ಕಷ್ಟವನ್ನು ತಾವೇ ಒಂದಿಷ್ಟು ಹೆಚ್ಚಿಸಿಕೊಳ್ಳುವುದು ಬಲ್ಲವರ ರೀತಿ. ಮೊದಲ ದಿನವೇ ಹದಿನಾರು ಗಂಟೆ ಓದುವೆನೆಂದು ಹೊರಟವನು ಮೂರನೆಯ ದಿನ ಮಲಗುತ್ತಾನೆ. ಎರಡು ಗಂಟೆಯನ್ನು ಒಂದು ತಿಂಗಳು ತಪ್ಪದೆ ನಡೆಸಿದವನು ಮೂರು ಗಂಟೆಗೆ ಅರ್ಹನಾಗುತ್ತಾನೆ.

ವ್ಯಕ್ತಿಗೆ ಅನ್ವಯಿಸುವ ಈ ನಿಯಮವು ನಾಡಿಗೂ ಅನ್ವಯಿಸುವುದು. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾದದ್ದು 1890ರಲ್ಲಿ. ಕನ್ನಡನಾಡು ಒಂದಾದದ್ದು 1956ರ ನವೆಂಬರ್ 1ರಂದು. ನಡುವೆ ಅರುವತ್ತಾರು ವರ್ಷಗಳು. ಮೊದಲ ಸಭೆಗಳಲ್ಲಿ ಕುಳಿತವರಲ್ಲನೇಕರು ಫಲವನ್ನು ಕಾಣಲಿಲ್ಲ. ಅವರ ಸಂಕಲ್ಪವು ಒಂದು ಯುಗಾದಿಯಿಂದ ಇನ್ನೊಂದಕ್ಕೆ ಬತ್ತಿಹೋಗಿದ್ದರೆ ನಾವು ಇಂದು ಯಾವ ನಾಡಿನವರೆಂದು ಹೇಳಿಕೊಳ್ಳುತ್ತಿದ್ದೆವು?

ಇಷ್ಟನ್ನು ಹೇಳಿದಮೇಲೆ ಒಂದು ಆಕ್ಷೇಪಕ್ಕೆ ಉತ್ತರವನ್ನು ಕೊಡದಿದ್ದರೆ ನಾವು ಅಪ್ರಾಮಾಣಿಕರಾಗುವೆವು. ನಮ್ಮದು ರಾಜ್ಯದಲ್ಲಿಯೇ ಅತ್ಯಂತ ಕಡಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ಇಲ್ಲಿ ಶೇಂಗಾ ಬಿತ್ತಿದ ರೈತನ ಶ್ರಮದಲ್ಲಿ ಏನು ಕಡಮೆಯಿದೆ? ಮೋಡವು ಮುಖ ತಿರುಗಿಸಿದರೆ ಅವನ ಬೀಜವೂ ಸಾಲವೂ ಮಣ್ಣಿನಲ್ಲಿಯೇ ಉಳಿಯುವುವು. ಅಂತಹವನ ಮುಂದೆ ನಿಂತು, ನಿನ್ನ ಪ್ರಯತ್ನ ಸಾಲದೆಂದು ಉಪದೇಶಿಸುವುದು ನಿರ್ದಯತೆ. ಶ್ರಮಿಸಿದವರೆಲ್ಲರಿಗೂ ಫಲ ಸಿಗುವುದೆಂದು ನಾವು ಹೇಳುವುದಿಲ್ಲ. ಆದರೆ ಶ್ರಮಿಸುವವನಿಗೆ ಶ್ರಮಿಸಲು ಎಡೆಯನ್ನು ಕಲ್ಪಿಸುವುದು ಅಧಿಕಾರದಲ್ಲಿರುವವರ ಧರ್ಮ.

ಬ್ರಹ್ಮಗಿರಿಯ ಶಾಸನವು ನೇರವಾಗಿ ಯಾರನ್ನು ಸಂಬೋಧಿಸುತ್ತದೆಂಬುದನ್ನು ನಮ್ಮ ಅಧಿಕಾರಿ ಮಹಾಶಯರು ಗಮನಿಸಬೇಕು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ, ಮೊದಲು ಅವರ ಆರೋಗ್ಯವನ್ನು ವಿಚಾರಿಸಿ, ಕಳುಹಿಸಿದ ಸಂದೇಶವದು. ಅಂದರೆ ಅಲ್ಪನೂ ಏಳಬಲ್ಲನೆಂಬ ಮಾತನ್ನು ಮೊದಲು ಕೇಳಬೇಕಾಗಿದ್ದವರು ಈ ಸೀಮೆಯ ಅಧಿಕಾರಿಗಳು. ಇಂದಿನ ಮಹಾಮಾತ್ರರಲ್ಲಿ ನಮ್ಮ ಪ್ರಾರ್ಥನೆ ದೊಡ್ಡದೇನಲ್ಲ. ಕೂಲಿಯಿಂದ ಮರಳುವ ಹುಡುಗನಿಗೆ ಸಂಜೆಯ ಹೊತ್ತು ವಾಚನಾಲಯದ ಬಾಗಿಲು ತೆರೆದಿರಲಿ. ಹಳ್ಳಿಯ ಹುಡುಗಿಗೆ ಕಾಲೇಜಿನ ವೇಳೆಗೆ ಬಸ್ಸು ದೊರೆಯಲಿ. ನೇಕಾರನಿಗೂ ರೈತನಿಗೂ ಸಲ್ಲಬೇಕಾದ ಹಣವು ಕಚೇರಿಯ ಮೇಜಿನ ಮೇಲೆ ಮಲಗದಿರಲಿ. ಇಷ್ಟಾದರೆ ಸ್ಫೂರ್ತಿಯ ಉಪನ್ಯಾಸಗಳು ಅರ್ಧಕ್ಕರ್ಧ ಅನಾವಶ್ಯಕವಾಗುವುವು.

ತರುಣರಿಗೂ ನಾವು ಹೇಳುವುದು ಮೂರೇ ಮಾತು. ವ್ಯರ್ಥವಾದ ಕಾಲವನ್ನು ಅಶೋಕನಂತೆ ನೇರವಾಗಿ ಒಪ್ಪಿಕೊಂಡು ಅಲ್ಲಿಂದಲೇ ಹೊರಡಿರಿ. ದಿನಕ್ಕೊಂದು ಮಂಕರಿಯನ್ನು ಗೊತ್ತುಮಾಡಿಕೊಂಡು, ಮನಸ್ಸಿರಲಿ ಇಲ್ಲದಿರಲಿ, ಅದನ್ನು ಹೊರಿರಿ. ನಿಮ್ಮ ಲೆಕ್ಕವನ್ನು ಕೇಳುವ ಒಬ್ಬ ಗುರುವನ್ನೋ ಗೆಳೆಯನನ್ನೋ ಸಂಪಾದಿಸಿರಿ.

ಆ ಬಂಡೆಯ ಮೇಲೆ ಇನ್ನೊಂದು ವಿಶೇಷವುಂಟು. ದೊರೆಯ ಸ್ವಂತ ಹೆಸರು ಅಲ್ಲಿಲ್ಲ. ಇರುವುದು ಬಿರುದು ಮಾತ್ರ. ಆದರೆ ಅದನ್ನು ಬರೆದ ಲಿಪಿಕಾರ ಚಪಡನ ಹೆಸರು ಕೊನೆಯಲ್ಲಿ ಇಂದಿಗೂ ಉಳಿದಿದೆ. ತಾನು ಲಿಪಿಕಾರನೆಂಬ ಮಾತನ್ನು ಅವನು ದೂರದ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಚಿಕ್ಕವನ ಶ್ರಮವೂ ನಿಲ್ಲಬಲ್ಲುದೆಂದು ಹೇಳುವ ಶಾಸನವು ಒಬ್ಬ ಚಿಕ್ಕವನ ಹೆಸರಿನಿಂದಲೇ ಮುಗಿಯುವುದು. ಮೊಳಕಾಲ್ಮೂರಿನ ಕಡೆಗೆ ಹೋಗುವ ನಮ್ಮ ವಾಚಕರು ಒಂದು ಗಳಿಗೆ ಆ ಬಂಡೆಯ ಮುಂದೆ ನಿಂತು ಬರಲಿ. ಜೊತೆಯಲ್ಲಿ ಮಕ್ಕಳನ್ನೂ ಕರೆದೊಯ್ಯಲಿ.