ಹೊಗೆಯ ಕೊಲ್ಲಿಯಲ್ಲಿ ಜಲಜನಕದ ಬಸ್ಸು

ಐಸ್‌ಲ್ಯಾಂಡ್ ದ್ವೀಪದ ರಾಜಧಾನಿ ರೇಕ್ಯಾವಿಕ್. ಆ ಹೆಸರಿಗೆ ಹೊಗೆಯ ಕೊಲ್ಲಿ ಎಂದು ಅರ್ಥ. ಹೆಸರಿಗೆ ಕಾರಣವಾದ ‘ಹೊಗೆ’ ಬಿಸಿನೀರಿನ ಬುಗ್ಗೆಗಳಿಂದ ಏಳುವ ಹಬೆ. 2003ರಲ್ಲಿ ಇದೇ ಊರಿನ ರಸ್ತೆಗಳಲ್ಲಿ ಮೂರು ಹೊಸ ಬಗೆಯ ಬಸ್ಸುಗಳು ಓಡತೊಡಗಿದವು. ಅವೂ ಹಿಂದೆ ಬಿಡುತ್ತಿದ್ದುದು ಬರೀ ನೀರಾವಿಯನ್ನೇ. ಅವುಗಳ ಇಂಧನ ಜಲಜನಕ.

ಇಂಥ ಸುದ್ದಿ ಓದಿದವರು ‘ನೀರಿನಿಂದ ಓಡುವ ವಾಹನ’ ಎಂದುಬಿಡುವುದುಂಟು. ಹೈಸ್ಕೂಲು ವಿದ್ಯಾರ್ಥಿಗಳು ಇದನ್ನು ಒಪ್ಪಬಾರದು. ಜಲಜನಕ ಆಮ್ಲಜನಕದೊಡನೆ ಕೂಡಿ ಉರಿದಾಗ ಉಳಿಯುವುದೇ ನೀರು. ಸೌದೆಗೆ ಬೂದಿ ಇದ್ದಂತೆ ಜಲಜನಕಕ್ಕೆ ನೀರು. ಬೂದಿಯನ್ನು ಮತ್ತೆ ಸೌದೆ ಮಾಡಬೇಕಾದರೆ ಎಲ್ಲಿಂದಲೋ ಶಕ್ತಿ ತಂದು ಸುರಿಯಬೇಕಷ್ಟೆ. ನೀರಿನಲ್ಲಿ ವಿದ್ಯುತ್ ಹಾಯಿಸಿ ಅದನ್ನು ಒಡೆಯುವ ವಿದ್ಯುದ್ವಿಭಜನೆಯಲ್ಲಿ ನಡೆಯುವುದು ಅದೇ. ಆದ್ದರಿಂದ ಜಲಜನಕ ಶಕ್ತಿಯ ಗಣಿಯಲ್ಲ. ಬೇರೆಲ್ಲೋ ಉತ್ಪಾದಿಸಿದ ಶಕ್ತಿಯನ್ನು ಹೊತ್ತು ತರುವ ಕೊಡ.

ಹಾಗಿದ್ದರೆ ಐಸ್‌ಲ್ಯಾಂಡ್ ಅದರ ಬೆನ್ನು ಹತ್ತಿದ್ದೇಕೆ? ಕೊಡ ತುಂಬಿಸುವಷ್ಟು ವಿದ್ಯುತ್ ಅಲ್ಲಿತ್ತು. ಹಿಮನದಿಗಳು ಕರಗಿ ಧುಮುಕುವ ನೀರು, ಜ್ವಾಲಾಮುಖಿಗಳ ನೆಲದೊಳಗಿನ ಶಾಖ, ಈ ಎರಡರಿಂದಲೇ ಆ ದೇಶದ ಬಹುತೇಕ ಎಲ್ಲ ವಿದ್ಯುತ್ ತಯಾರಾಗುತ್ತದೆ. ಜನಸಂಖ್ಯೆ ನಾಲ್ಕು ಲಕ್ಷದೊಳಗೆ. 1930ರಲ್ಲೇ ರೇಕ್ಯಾವಿಕ್‌ನಲ್ಲಿ ಬುಗ್ಗೆಯ ಬಿಸಿನೀರನ್ನು ಕೊಳವೆಗಳಲ್ಲಿ ಹರಿಸಿ ಕಟ್ಟಡಗಳನ್ನು ಬೆಚ್ಚಗಿಡುವ ಏರ್ಪಾಡು ಶುರುವಾಗಿತ್ತು. 1973ರಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ ಸರಕಾರ ಇದನ್ನು ದೇಶದ ಉಳಿದೆಡೆಗೂ ಭರದಿಂದ ವಿಸ್ತರಿಸಿತು. ಇಂದು ಅಲ್ಲಿನ ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ನೆಲದ ಶಾಖವೇ ಆಧಾರ.

ಆದರೆ ಕಾರು, ವಿಮಾನ, ಮೀನುಗಾರಿಕೆ ಹಡಗುಗಳಿಗೆ ಮಾತ್ರ ಹೊರಗಿನ ತೈಲವೇ ಗತಿ. ಮೀನು ಮಾರಿ ಬದುಕುವ ದ್ವೀಪಕ್ಕೆ ಇದು ಸಣ್ಣ ಚಿಂತೆಯಲ್ಲ. ಐಸ್‌ಲ್ಯಾಂಡ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಬ್ರಾಗಿ ಆರ್ನಸನ್ ಅವರು 1970ರ ದಶಕದಲ್ಲೇ ಇದಕ್ಕೊಂದು ದಾರಿ ತೋರಿಸಿದರು: ನಮ್ಮ ವಿದ್ಯುತ್ತಿನಿಂದ ಜಲಜನಕ ತಯಾರಿಸಿ ಅದನ್ನೇ ಇಂಧನವಾಗಿಸೋಣ ಎಂದು. ಅದು ಬರೀ ಕನಸಲ್ಲ. 1950ರ ದಶಕದಿಂದಲೇ ಅಲ್ಲಿನ ರಸಗೊಬ್ಬರ ಕಾರ್ಖಾನೆಗೆ ಬೇಕಾದ ಜಲಜನಕ ವಿದ್ಯುದ್ವಿಭಜನೆಯಿಂದಲೇ ಬರುತ್ತಿತ್ತು. ಆದರೂ ಅವರ ಮಾತಿಗೆ ಮನ್ನಣೆ ಸಿಗಲು ಇಪ್ಪತ್ತು ವರ್ಷ ಹಿಡಿಯಿತು. 1999ರಲ್ಲಿ ವಿದೇಶಿ ಕಂಪೆನಿಗಳ ಪಾಲುದಾರಿಕೆಯೊಡನೆ ಒಂದು ಸಂಸ್ಥೆ ಹುಟ್ಟಿತು. ಮುಂದಿನ ಕೆಲವು ದಶಕಗಳಲ್ಲಿ ತೈಲವಿಲ್ಲದ ದೇಶವಾಗುವುದು ಗುರಿ. ಆರ್ನಸನ್ ಅವರಿಗೆ ‘ಜಲಜನಕ ಪ್ರೊಫೆಸರ್’ ಎಂದೇ ಹೆಸರಾಯಿತು.

ಬಸ್ಸುಗಳು ಚೆನ್ನಾಗಿಯೇ ಓಡಿದವು. ಛಾವಣಿಯ ಮೇಲೆ ಸಿಲಿಂಡರು, ಅದರಲ್ಲಿ ವಾತಾವರಣಕ್ಕಿಂತ ಸುಮಾರು 350 ಪಟ್ಟು ಒತ್ತಡದಲ್ಲಿ ಅನಿಲ. ಒಳಗಿನ ಇಂಧನ ಕೋಶದಲ್ಲಿ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡಿ ವಿದ್ಯುತ್ ಉತ್ಪಾದಿಸುತ್ತದೆ, ಆ ವಿದ್ಯುತ್ತು ಮೋಟಾರು ತಿರುಗಿಸುತ್ತದೆ. 2007ರ ಹೊತ್ತಿಗೆ ಪ್ರಯೋಗ ಮುಗಿಯಿತು. ಮರುವರ್ಷ ಐಸ್‌ಲ್ಯಾಂಡಿನ ಬ್ಯಾಂಕುಗಳೇ ಕುಸಿದುಬಿದ್ದವು. ಯೋಜನೆಗೆ ಅದೊಂದೇ ಅಡ್ಡಿಯಾಗಿದ್ದರೆ ಹಣ ಬಂದ ಮೇಲೆ ಮತ್ತೆ ಚಿಗುರುತ್ತಿತ್ತೋ ಏನೋ. ನಿಜವಾದ ಅಡ್ಡಿ ಲೆಕ್ಕದಲ್ಲಿತ್ತು.

ಒಂದು ಕಾಗದ ಪೆನ್ಸಿಲ್ ಹಿಡಿದು ನೋಡಿ. 100 ಯೂನಿಟ್ ವಿದ್ಯುತ್ತಿನಿಂದ ನೀರು ಒಡೆದರೆ ಜಲಜನಕದಲ್ಲಿ ಉಳಿಯುವುದು ಸುಮಾರು 70. ಅದನ್ನು ಒತ್ತಿ ತುಂಬಿ ಸಾಗಿಸುವುದರಲ್ಲಿ ಇನ್ನೊಂದು ಹತ್ತು ಸೋರಿಹೋಗುತ್ತದೆ. ಇಂಧನ ಕೋಶ ಉಳಿದದ್ದರಲ್ಲಿ ಅರ್ಧವನ್ನಷ್ಟೇ ವಿದ್ಯುತ್ತಾಗಿ ಮರಳಿಸುತ್ತದೆ. ಕೊನೆಗೆ ಚಕ್ರಕ್ಕೆ ಸಿಗುವುದು 30 ಯೂನಿಟ್ಟೂ ಇಲ್ಲ. ಅದೇ 100 ಯೂನಿಟ್ಟನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ ಚಕ್ರಕ್ಕೆ 70ಕ್ಕೂ ಮಿಕ್ಕಿ ಸಿಗುತ್ತದೆ. 2003ರಲ್ಲಿ ಒಳ್ಳೆಯ ಬ್ಯಾಟರಿ ಬಲು ದುಬಾರಿಯಾಗಿದ್ದುದರಿಂದ ಈ ಲೆಕ್ಕ ಅಷ್ಟಾಗಿ ಕಾಡಲಿಲ್ಲ. ಬ್ಯಾಟರಿ ಅಗ್ಗವಾದಂತೆ ಐಸ್‌ಲ್ಯಾಂಡಿನ ಜನ ಬ್ಯಾಟರಿ ಕಾರುಗಳತ್ತಲೇ ತಿರುಗಿದರು. ವಿದ್ಯುತ್ತು ಹೇರಳವಾಗಿದ್ದರೂ ಪೋಲು ಮಾಡುವಷ್ಟಿಲ್ಲ. ಅದರ ಬಹುಪಾಲನ್ನು ಅಲ್ಯೂಮಿನಿಯಂ ಕಾರ್ಖಾನೆಗಳೇ ನುಂಗುತ್ತವೆ.

ಹಾಗೆಂದು ಪ್ರೊಫೆಸರರ ಮಾತು ಹುಸಿ ಎನ್ನುವುದು ಅವಸರವಾದೀತು. ವಾರಗಟ್ಟಲೆ ಕಡಲಲ್ಲಿರುವ ಮೀನುಗಾರಿಕೆ ಹಡಗನ್ನು ನೋಡಿ. ಒಂದು ಕಿಲೋ ಡೀಸೆಲ್ಲಿನಲ್ಲಿರುವ ಶಕ್ತಿಯನ್ನು ಹಿಡಿದಿಡಲು ಹತ್ತಾರು ಕಿಲೋ ಬ್ಯಾಟರಿ ಬೇಕು. ಅಷ್ಟು ಹೇರಿದರೆ ಮೀನಿಗೆ ಜಾಗವೆಲ್ಲಿ? ಬರೀ ಜಲಜನಕವನ್ನು ಹೊತ್ತೊಯ್ಯುವುದೂ ಸುಲಭವಲ್ಲ. ದ್ರವವಾಗಿಸಲು ಅದನ್ನು ಸೊನ್ನೆಗಿಂತ 253 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೆ ತಣಿಸಬೇಕು. ಅದನ್ನೇ ಇಂಗಾಲದ ಡೈಆಕ್ಸೈಡಿನೊಡನೆ ಸೇರಿಸಿ ಮೆಥನಾಲ್ ಮಾಡಿದರೆ ಸಾಧಾರಣ ತೊಟ್ಟಿಯಲ್ಲೇ ತುಂಬಿಕೊಳ್ಳಬಹುದು. ಇಂಥ ಕಾರ್ಖಾನೆಯೊಂದು 2012ರಲ್ಲಿ ಅಲ್ಲಿನ ಸ್ವಾರ್ಟ್ಸೆಂಗಿ ಭೂಶಾಖ ವಿದ್ಯುತ್ ಸ್ಥಾವರದ ಪಕ್ಕದಲ್ಲೇ ಆರಂಭವಾಯಿತು. ಸ್ಥಾವರ ಹೊರಬಿಡುವ ಇಂಗಾಲದ ಡೈಆಕ್ಸೈಡೇ ಅದರ ಕಚ್ಚಾವಸ್ತುವಾಗಿತ್ತು. ಅದಕ್ಕೆ 1994ರ ನೊಬೆಲ್ ಪ್ರಶಸ್ತಿ ಪಡೆದ ರಸಾಯನ ವಿಜ್ಞಾನಿ ಜಾರ್ಜ್ ಓಲಾ ಅವರ ಹೆಸರಿಟ್ಟರು.

2040ರೊಳಗೆ ಇಂಗಾಲದ ಲೆಕ್ಕವನ್ನು ಸರಿದೂಗಿಸುವ ಗುರಿಯನ್ನು ಐಸ್‌ಲ್ಯಾಂಡ್ ಕಾನೂನಿನಲ್ಲೇ ಬರೆದುಕೊಂಡಿದೆ. ಊರಿನ ಬಸ್ಸು ಕಾರುಗಳ ದಾರಿ ಸ್ಪಷ್ಟವಾಗಿದೆ. ಬಂದರಿನಲ್ಲಿ ಮಾತ್ರ ಹಡಗುಗಳು ಈಗಲೂ ಬಹುಪಾಲು ತೈಲವನ್ನೇ ತುಂಬಿಕೊಂಡು ಮೀನಿಗೆ ಹೊರಡುತ್ತಿವೆ.