ಹೆಸರಿಲ್ಲದ ಬ್ಯಾಂಡಿಗೂ ಒಂದು ಸ್ಥಾನ

ವರ್ಷ ಮುಗಿಯುತ್ತ ಬಂತೆಂದರೆ ಸಾಕು, ಪಟ್ಟಿಗಳ ಸುಗ್ಗಿ ಶುರುವಾಗುತ್ತದೆ. ವರ್ಷದ ಹತ್ತು ಪುಸ್ತಕ, ವರ್ಷದ ಹತ್ತು ಚಿತ್ರ, ವರ್ಷದ ಹತ್ತು ಆಲ್ಬಮ್, ವರ್ಷದ ಹತ್ತು ಬ್ಯಾಂಡ್. ಬೆಂಗಳೂರು, ಮುಂಬಯಿ, ಲಂಡನ್ನಿನಲ್ಲಿ ಕುಳಿತವರು ಪಟ್ಟಿ ಮಾಡುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ನಾವು ಓದುತ್ತೇವೆ. ಹಾಡು ಕೇಳುವ ಹುಚ್ಚು ನಮಗೇನು ಕಡಿಮೆಯೆ? ನಮ್ಮದೂ ಒಂದು ಪಟ್ಟಿ ಇರಲಿ ಎಂದು ಈ ವಾರ ಹೊರಟಿದ್ದೇನೆ.

ಪಟ್ಟಿಗೆ ಒಂದು ನಿಯಮ ಬೇಕಲ್ಲ, ಅದನ್ನು ನಮ್ಮ ತೆಂಗಿನ ಸೀಮೆಯಿಂದಲೇ ತೆಗೆದುಕೊಂಡಿದ್ದೇನೆ. ಕಾಯಿ ಕೆಡವಿದ ದಿನವೇ ಅದು ಉಂಡೆ ಕೊಬ್ಬರಿ ಆಗುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿಡಬೇಕು. ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟುಕೊಂಡ ಮೇಲೆ ರೈತ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗೆ ಗುಡುಗುಡು ಎಂದರೆ ಆಯಿತು ಎಂದು ಲೆಕ್ಕ. ಹಾಡಿಗೂ ಅದೇ ಪರೀಕ್ಷೆ. ಹೋದ ವಾರ ಬಂದು ಈ ವಾರ ಎಲ್ಲರ ಮೊಬೈಲಿನಲ್ಲಿ ಕೂಗುತ್ತಿರುವುದು ನನ್ನ ಪಟ್ಟಿಯಲ್ಲಿಲ್ಲ. ಯಾವಾಗಲೇ ಬಂದಿರಲಿ, ಈ ವರ್ಷ ನಾನು ಮೊದಲಿನಿಂದ ಕೊನೆಯವರೆಗೆ ಕೂತು, ಮತ್ತೆ ಮತ್ತೆ ಕೇಳಿದ್ದು ಯಾವುದೋ ಅದಕ್ಕೆ ಮಾತ್ರ ಜಾಗ. ಮೂರು ಆಲ್ಬಮ್, ಒಂದು ಬ್ಯಾಂಡ್, ಒಂದು ಕೊಳಲು. ಒಟ್ಟು ಐದು.

ಮೊದಲನೆಯದು ‘ನಿತ್ಯೋತ್ಸವ’. 1978ರಲ್ಲಿ ಬಂದದ್ದು. ಕವಿ ಕೆ.ಎಸ್. ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿ. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂಬ ಹೆಸರು ಇದಕ್ಕಿದೆ. ಧ್ವನಿಸುರುಳಿ ಎಂದರೆ ಕ್ಯಾಸೆಟ್, ಮಕ್ಕಳೇ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲು ಮೂವತ್ತು ನಿಮಿಷ, ಅದು ಮುಗಿದ ಮೇಲೆ ಎದ್ದು ಹೋಗಿ ತಿರುಗಿಸಿ ಹಾಕಬೇಕಿತ್ತು. ಬೇಡವಾದ ಹಾಡನ್ನು ದಾಟಿಸುವುದು ಸುಲಭವಿರಲಿಲ್ಲ. ಹಾಗಾಗಿ ಬೇಡವೆನಿಸಿದ್ದನ್ನೂ ಕೇಳಿ ಕೇಳಿ, ಕೊನೆಗೆ ಅದೇ ಇಷ್ಟವಾಗಿಬಿಡುತ್ತಿತ್ತು. ಇದರಲ್ಲಿ ನನಗೆ ಹಿಡಿಸುವುದು ರಾಗ ಮಾತನ್ನು ತುಳಿಯದಿರುವ ರೀತಿ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ಅನಂತಸ್ವಾಮಿಯವರು 1995ರಲ್ಲಿ ತೀರಿಕೊಂಡರು. ಆದರೂ ನೀವು ದಿನಾ ಅವರನ್ನು ಹಾಡುತ್ತೀರಿ: ಕುವೆಂಪು ಅವರ ನಾಡಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲೇ, ಎರಡೂವರೆ ನಿಮಿಷದೊಳಗೆ ಹಾಡಬೇಕೆಂದು 2022ರಲ್ಲಿ ಸರ್ಕಾರ ಗೊತ್ತುಮಾಡಿತು.

ಎರಡನೆಯದು ಶಿಶುನಾಳ ಶರೀಫರ ಗೀತೆಗಳು, ಸಿ. ಅಶ್ವತ್ಥರ ಸಂಯೋಜನೆ, ಶಿವಮೊಗ್ಗ ಸುಬ್ಬಣ್ಣ ಮತ್ತು ಸ್ವತಃ ಅಶ್ವತ್ಥರ ಕಂಠ. ಶರೀಫರು 1819ರಿಂದ 1889ರವರೆಗೆ ಧಾರವಾಡ ಸೀಮೆಯಲ್ಲಿ ಬಾಳಿದವರು. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅವರು ಬಂದದ್ದು ಟೇಪ್ ರೆಕಾರ್ಡರಿನ ಮೂಲಕ, ಆಮೇಲೆ 1990ರಲ್ಲಿ ಟಿ.ಎಸ್. ನಾಗಾಭರಣ ತೆಗೆದ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕ. ಅದರ ಸಂಗೀತವೂ ಅಶ್ವತ್ಥರದೇ. ಅವರ ದನಿಯಲ್ಲಿ ಹೊಲದ ಬದುವಿನಿಂದ ಕೂಗಿ ಕರೆಯುವವನ ಜೋರು ಇದೆ. ಸುಬ್ಬಣ್ಣನವರದು ಪಕ್ಕದಲ್ಲಿ ಕೂತು ಹೇಳುವ ದನಿ. ಇಬ್ಬರನ್ನೂ ಒಂದರ ಹಿಂದೊಂದು ಕೇಳಿದರೆ ಶರೀಫರ ಪದಗಳಿಗೆ ಎರಡು ಬಾಗಿಲು ತೆರೆದಂತಾಗುತ್ತದೆ.

ಮೂರನೆಯದು ರಘು ದೀಕ್ಷಿತ್ ಅವರ ತಂಡದ ‘ಅಂತರಾಗ್ನಿ’, 2008. ಇಲ್ಲಿಗೆ ಬರುತ್ತಲೇ ಮನೆಗಳಲ್ಲಿ ಜಗಳ ಶುರುವಾಗುತ್ತದೆ ಎಂದು ಬಲ್ಲೆ. ‘ಅದೇನ್ಲಾ ಅದು, ಡಬ್ಬ ಬಡಿದಂಗೆ?’ ಎಂದು ಅಪ್ಪ. ‘ನಿಂದು ಕೇಳಿದ್ರೆ ನಿದ್ದೆ ಬತ್ತೈತೆ ಕಣಪ್ಪ’ ಎಂದು ಮಗ. ಇಬ್ಬರೂ ಸ್ವಲ್ಪ ತಡೆಯಿರಿ. ಈ ಆಲ್ಬಮ್‌ನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರೂ ಇದ್ದಾರೆ. ಸೋರುವ ಮಾಳಿಗೆಯ ಪದ, ಗುಡುಗುಡಿ ಸೇದುವ ಪದ, ಎರಡನ್ನೂ ಗಿಟಾರು, ಡ್ರಮ್ಸ್ ಹಾಕಿ ಹಾಡಿದ್ದಾರೆ. ಅಪ್ಪನ ಕ್ಯಾಸೆಟ್ಟಿನಲ್ಲಿದ್ದ ಕವಿಯೇ ಮಗನ ಮೊಬೈಲಿನಲ್ಲೂ ಇದ್ದಾನೆ ಎಂದಾಯಿತು. ಈ ತಂಡ 2010ರಲ್ಲಿ ಬಿಬಿಸಿ ಟೆಲಿವಿಷನ್ನಿನಲ್ಲೂ ಹಾಡಿತು. ಒಂದು ಭಾನುವಾರ ಮಧ್ಯಾಹ್ನ ಅಶ್ವತ್ಥರ ಧಾಟಿ ಒಮ್ಮೆ, ದೀಕ್ಷಿತರ ಧಾಟಿ ಒಮ್ಮೆ ಹಾಕಿ, ಮನೆಮಂದಿಯೆಲ್ಲ ಕೂತು ಕೇಳಿ ನೋಡಿ. ಯಾವುದು ಮೇಲು ಎನ್ನುವ ಜಗಳ ಮುಗಿಯಲಿಕ್ಕಿಲ್ಲ. ಆದರೆ ಜಗಳಕ್ಕೆ ಕಾರಣ ಕೊಡುವುದನ್ನು ಇಬ್ಬರೂ ಕಲಿಯುತ್ತಾರೆ. ‘ಇಲ್ಲಿ ತಾಳ ಮುಂದಿದೆ, ಮಾತು ಹಿಂದಾಗಿದೆ’ ಎಂದು ಅಪ್ಪ ಹೇಳಲಿ. ‘ಇಲ್ಲಿ ಕುಣಿಯಬೇಕು ಅನ್ನಿಸುತ್ತೆ, ಅದೂ ಶರೀಫರಿಗೆ ಬೇಡವೇನಿರಲಿಲ್ಲ’ ಎಂದು ಮಗಳು ಹೇಳಲಿ. ಕಾರಣವಿಲ್ಲದ ಪಟ್ಟಿ ಅಂಗಡಿಯ ಚೀಟಿ ಇದ್ದ ಹಾಗೆ.

ಇನ್ನೊಂದು ಮಾತು, ತಂದೆ ತಾಯಂದಿರಿಗೆ. ಹಾಡಿನ ಹುಚ್ಚು ಹಿಡಿದರೆ ಓದು ಕೆಟ್ಟಿತು ಎಂಬ ಭಯ ನಿಮಗಿದೆ. ಮೇಲಿನ ಹೆಸರುಗಳನ್ನೇ ನೋಡಿ. ನಿಸಾರ್ ಅಹಮದರು ಭೂವಿಜ್ಞಾನದ ಅಧ್ಯಾಪಕರು. ಸುಬ್ಬಣ್ಣನವರು ವಕೀಲರು, ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು. ಅಶ್ವತ್ಥರು ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ದೀರ್ಘಕಾಲ ಕೆಲಸ ಮಾಡಿದವರು. ರಘು ದೀಕ್ಷಿತ್ ಮೈಸೂರು ವಿಶ್ವವಿದ್ಯಾನಿಲಯದ ಸೂಕ್ಷ್ಮಜೀವಿ ವಿಜ್ಞಾನದ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದವರು. ಪರೀಕ್ಷೆಗೆ ಓದುವಾಗ ಹಾಡು ಬೇಡ, ಒಪ್ಪಿದೆ. ಓದಿದ ಮೇಲೆ ಅರ್ಧ ಗಂಟೆ ಮನಸ್ಸಿಟ್ಟು ಕೇಳಲು ಬಿಡಿ. ಮನಸ್ಸಿಟ್ಟು ಕೇಳುವುದೂ ಒಂದು ಓದು.

ನಾಲ್ಕನೆಯದಕ್ಕೆ ಬರೋಣ. ಇದು ಬ್ಯಾಂಡು. ಇದಕ್ಕೆ ಆಲ್ಬಮ್ ಇಲ್ಲ, ರಕ್ಷಾಪುಟವಿಲ್ಲ, ಹೆಸರೂ ಇಲ್ಲ. ‘ಅರೆಯವರು ಬಂದರಾ?’ ಎಂದು ಊರು ಕೇಳುತ್ತದೆ, ಅಷ್ಟೆ. ನಮ್ಮ ಮೂರೂ ತಾಲ್ಲೂಕಿನ ಜಾತ್ರೆ, ಅಮ್ಮನ ಹಬ್ಬ, ಮೆರವಣಿಗೆಗಳಲ್ಲಿ ನೀವು ಕೇಳಿರುವ ಅರೆವಾದ್ಯದ ತಂಡ ಅದು. ಕೆಂಪು ಮುಖದ ಸೋಮ ದೇವರ ಮುಂದೆ ಕುಣಿಯುವಾಗ ಕಾಲಿಗೆ ಕಸುವು ಬರುವುದು ಈ ವಾದ್ಯದಿಂದ. ಈ ವರ್ಷ ತುರುವೇಕೆರೆ ಕಡೆಯ ಒಂದು ಹಬ್ಬದಲ್ಲಿ ಅವರ ಪಕ್ಕ ನಿಂತು ಎರಡು ಗಂಟೆ ಕೇಳಿದೆ. ಸಂಜೆ ಹನಿ ಬಿದ್ದು ಚರ್ಮ ಸಡಿಲವಾಗಿತ್ತು. ತೆಂಗಿನ ಒಣಗರಿಗೆ ಬೆಂಕಿ ಹಚ್ಚಿ, ತಮಟೆಯನ್ನು ಉರಿಯ ಮೇಲೆ ಅತ್ತ ಇತ್ತ ತಿರುಗಿಸಿ, ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಮತ್ತೆ ಕಾಯಿಸಿ, ಮತ್ತೆ ತಟ್ಟಿದರು. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು: ಬಿಸಿಗೆ ತೇವ ಆರುತ್ತದೆ, ಚರ್ಮ ಬಿಗಿಯುತ್ತದೆ, ಬಿಗಿದಷ್ಟೂ ಸ್ವರ ಮೇಲಕ್ಕೇರುತ್ತದೆ. ಎಳೆತ ಮತ್ತು ಕಂಪನದ ಪಾಠ ಪುಸ್ತಕದಲ್ಲಿ ಎರಡು ಪುಟ. ಅಲ್ಲಿ ಎರಡು ನಿಮಿಷ. ಒಬ್ಬನೂ ಇನ್ನೊಬ್ಬನ ಮುಖ ನೋಡದೆ ಒಟ್ಟಿಗೆ ತಾಳ ಬದಲಿಸಿದಾಗ, ಯಾವ ಪಟ್ಟಿಯ ಯಾವ ಬ್ಯಾಂಡಿಗೂ ಇವರು ಕಡಿಮೆಯಲ್ಲ ಅನ್ನಿಸಿತು.

ಇವರಿಗೆ ಹೆಸರೇಕಿಲ್ಲ? ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ತಮಟೆ ಹೊಡೆಯುವುದು ದಲಿತರ ಪಾಲಿನ ಚಾಕರಿ ಎಂದು ಊರು ತಲತಲಾಂತರ ನಡೆಸಿಕೊಂಡು ಬಂತು. ಬಾರಿಸಿದವನಿಗೆ ದೇವರ ಮುಂದೆ ಜಾಗ, ದೇವಸ್ಥಾನದೊಳಗೆ ಇಲ್ಲ. ಆ ಅವಮಾನ ಸಾಕೆಂದು ಎಷ್ಟೋ ಮನೆಗಳವರು ತಮಟೆ ಕೆಳಗಿಟ್ಟರು. ಅದು ಅವರ ಹಕ್ಕು. ಕಾಲೇಜಿಗೆ ಹೋಗುವ ಹುಡುಗ ‘ನಮ್ಮಪ್ಪ ತಮಟೆ ಬಾರಿಸ್ತಾರೆ’ ಎಂದು ಗೆಳೆಯರ ಮುಂದೆ ಹೇಳಲು ಹಿಂಜರಿದರೆ, ತಪ್ಪು ಹುಡುಗನದಲ್ಲ. ‘ಕಲೆ ಉಳಿಸಿ’ ಎಂದು ಅವನಿಗೆ ಉಪದೇಶ ಮಾಡುವ ಮೊದಲು, ಗಿಟಾರು ನುಡಿಸುವವನಿಗೆ ಹೊಡೆಯುವ ಚಪ್ಪಾಳೆ, ಕೊಡುವ ಸಂಭಾವನೆ, ಹಾಕುವ ಕುರ್ಚಿ ಇವನಿಗೂ ಉಂಟೆ ಎಂದು ಉಳಿದವರು ಕೇಳಿಕೊಳ್ಳಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆಯ ಜೊತೆ ಒಂದು ಹೆಸರು, ಹೆಸರಿನ ಜೊತೆ ದೇಶದ ಗೌರವ. ದೆಹಲಿಗೆ ಗೊತ್ತಾದದ್ದು ನಮ್ಮ ಊರ ಬಾಗಿಲಿಗೆ ಗೊತ್ತಾಗಲು ಎಷ್ಟು ವರ್ಷ ಬೇಕು?

ಮದುವೆ ಮೆರವಣಿಗೆಗಳಲ್ಲಿ ಡಿ.ಜೆ. ಬಂದು ಅರೆವಾದ್ಯ ಹಿಂದೆ ಸರಿಯುತ್ತಿದೆ. ಡಿ.ಜೆ.ಗೆ ಕುಣಿಯುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಕುಣಿಯುವ ವಯಸ್ಸು. ಆದರೆ ಪೆಟ್ಟಿಗೆಗೆ ಸಾವಿರಾರು ರೂಪಾಯಿ ಎಣಿಸಿ, ಮನುಷ್ಯರ ಹತ್ತಿರ ಚೌಕಾಸಿ ಮಾಡುವುದನ್ನು ನೋಡಿದಾಗ ಬೇಜಾರಾಗುತ್ತದೆ.

ಐದನೆಯದು ತಂಡವೇ ಅಲ್ಲ. ಒಂದು ಗಣೆ, ಒಬ್ಬ ಮನುಷ್ಯ. ಗಣೆ ಎಂದರೆ ಕಾಡುಗೊಲ್ಲರ ಕೊಳಲು. ಮಾಮೂಲಿ ಕೊಳಲಿಗಿಂತ ಬಹಳ ಉದ್ದ, ದನಿ ಕೆಳಗಿನದು, ಸ್ವಲ್ಪ ಉಸಿರು ಬೆರೆತದ್ದು. ಚಿಕ್ಕನಾಯಕನಹಳ್ಳಿಯಿಂದ ಶಿರಾ ಕಡೆಗೆ ಸಾಗುವಾಗ ತೋಟ ಕಳೆದು ಬಯಲು ಬರುತ್ತದಲ್ಲ, ಅಲ್ಲಿನ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪನ ಕಥೆಯನ್ನು ಗಣೆಯ ಜೊತೆ ಹಾಡುತ್ತಾರೆ. ದನ ಕಾಯುವ ವೀರ ಜುಂಜಪ್ಪ, ಅವನ ಕೈಯಲ್ಲಿ ಗಣೆ. ಕಥೆ ಒಂದು ಸಂಜೆಗೆ ಮುಗಿಯುವಂಥದ್ದಲ್ಲ. ಮೂರು ನಿಮಿಷದ ಹಾಡಿಗೆ ಒಗ್ಗಿದ ಕಿವಿಗೆ ಮೊದಲು ಕಷ್ಟ. ಅರ್ಧ ಗಂಟೆ ತಡೆದುಕೊಂಡರೆ ಕಷ್ಟ ಹೋಗುತ್ತದೆ. ನನಗೆ ಈ ವರ್ಷದ ಅತ್ಯಂತ ಉದ್ದದ ಆಲ್ಬಮ್ ಇದು. ಪೂರ್ತಿ ಕೇಳುವುದು ಇನ್ನೂ ಬಾಕಿ ಇದೆ.

ನನ್ನ ಪಟ್ಟಿ ಇಷ್ಟೆ. ಈಗ ನಿಮ್ಮ ಸರದಿ. ರಜೆಯಲ್ಲಿ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟದಲ್ಲಿ ನಿಮ್ಮ ಮೆಚ್ಚಿನ ಐದು ಆಲ್ಬಮ್, ಪ್ರತಿಯೊಂದಕ್ಕೂ ಎರಡು ವಾಕ್ಯ ಕಾರಣ. ‘ಸೂಪರ್’ ಎಂಬ ಪದ ಬಳಸಬಾರದು. ಬಲಪುಟದಲ್ಲಿ ಈ ವರ್ಷ ನಿಮ್ಮ ಊರ ಹಬ್ಬದಲ್ಲಿ, ತಿಪಟೂರಿನ ಗಣಪತಿ ಉತ್ಸವದಲ್ಲಿ, ನೆಂಟರ ಮದುವೆಯಲ್ಲಿ ಬಾರಿಸಿದವರ, ಊದಿದವರ, ಹಾಡಿದವರ ಹೆಸರು. ಗೊತ್ತಿಲ್ಲದಿದ್ದರೆ ಹೋಗಿ ಕೇಳಬೇಕು: ‘ಅಣ್ಣ, ನಿಮ್ಮ ಹೆಸರೇನು? ಯಾರ ಹತ್ತಿರ ಕಲಿತಿರಿ? ಈ ಮಟ್ಟಿಗೆ ಏನಂತಾರೆ?’ ಅವರು ಒಪ್ಪಿದರೆ ಮೊಬೈಲಿನಲ್ಲಿ ಹತ್ತು ನಿಮಿಷ ಮುದ್ರಿಸಿಕೊಳ್ಳಿ, ಹೆಸರು, ಊರು, ತಾರೀಖು ಬರೆದಿಡಿ. ಮುದ್ರಿಸಿದ್ದನ್ನು ಅವರಿಗೂ ಕೇಳಿಸಿ, ಒಂದು ಪ್ರತಿ ಅವರ ಮಕ್ಕಳಿಗೆ ಕೊಡಿ.

ತಂದೆ ತಾಯಂದಿರು ಜೊತೆಗೆ ಹೋದರೆ ಇನ್ನೂ ಒಳ್ಳೆಯದು. ದೊಡ್ಡವರು ‘ಅಣ್ಣ’ ಎಂದು ಕರೆದು ಹೆಸರು ಕೇಳುವುದನ್ನು ಮಕ್ಕಳು ಒಂದು ಸಲ ನೋಡಲಿ.